ಆ ಕಡೆಯ ಆಸ್ಪತ್ರೆ

ರುತಿಲಿಯೊ ಜೊತೆ ನಾನು ಜಗಳವಾಡದ ದಿನವೇ ಇರಲಿಲ್ಲ. ಆದರೆ ಅವನ ಕುತ್ತಿಗೆ ಹಿಸುಕಿಬಿಡಬೇಕು ಅನ್ನಿಸಿದ್ದು ಆ ನವೆಂಬರ್‌ನಲ್ಲಿ, ಇನ್ಶೂರೆನ್ಸ್ ಮೇಜಿನ ಮುಂದೆ.

ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ಅಮೆರಿಕದ ಊರು ಕಲೆಕ್ಸಿಕೊದ ಲೆಟಿಸ್ ಶೆಡ್ಡಿನಲ್ಲಿ ನಾನು ಸೊಪ್ಪಿನ ಗುಣಮಟ್ಟ ನೋಡುವವಳು, ಅವನು ಲಾರಿಗಳನ್ನು ಹೊರಡಿಸುವವನು. ನಾನು ಪೆಟ್ಟಿಗೆಗಳನ್ನು ಬೇಡವೆಂದು ಪಕ್ಕಕ್ಕೆ ಇಡಿಸಿದರೆ ಅವನ ಲಾರಿ ತಡವಾಗುತ್ತದೆ. ಹುಬ್ಬು ಗಂಟಿಕ್ಕಿಕೊಂಡು ಬರುತ್ತಾನೆ, ನನ್ನನ್ನು ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ, ಆಮೇಲೆ ಬೈಯುತ್ತಾನೆ. ನಮ್ಮದು ಹಾಗೆ ಶುರುವಾದದ್ದು. ಪ್ರೀತಿ ಅನ್ನುವ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ವರ್ಷಕ್ಕೊಂದು ಸಲ ಸೆನ್ಯೋರಾ ಬೆಲ್ತ್ರಾನ್ ನಮ್ಮ ಊಟದ ಕೋಣೆಯಲ್ಲಿ ಬಂದು ಕೂರುತ್ತಾಳೆ, ಎಲ್ಲರಿಗೂ ಇನ್ಶೂರೆನ್ಸ್ ಮಾಡಿಕೊಡಲು.

"ಎರಡೇ ಪ್ಲಾನು, ಅರಾಸೆಲಿ," ಅಂದಳು ನನಗೆ. "ಒಂದರಲ್ಲಿ ಎಲ್ಲಾ ಈ ಕಡೆ ಆಸ್ಪತ್ರೇಲಿ. ಇನ್ನೊಂದರಲ್ಲಿ ಆಪರೇಷನ್ನು, ಹೆರಿಗೆ, ಮೊದಲೇ ಗೊತ್ತಿರೋ ಚಿಕಿತ್ಸೆ ಎಲ್ಲಾ ಗಡಿ ಆಚೆ, ಮೆಕ್ಸಿಕಾಲೀಲಿ. ಈ ಕಡೆ ಬರೀ ತುರ್ತಿಗೆ. ಒಂದ್ಸಲ ಆರಿಸಿದ್ರೆ ಮುಂದಿನ ವರ್ಷದವರೆಗೂ ಅದೇ."

"ಮೆಕ್ಸಿಕಾಲಿದು ಕೊಡಿ," ಅಂದೆ. ಫೆಬ್ರವರಿಯಲ್ಲಿ ನನಗೊಂದು ಆಪರೇಷನ್ ಆಗಬೇಕಿತ್ತು.

"ಅವಳ ಮಾತು ಕೇಳ್ಬೇಡಿ," ಅಂತ ಹಿಂದಿನಿಂದ ರುತಿಲಿಯೊ ದನಿ. "ಈ ಕಡೇದು ಬರ್ಕೊಳ್ಳಿ."

"ಹೊಟ್ಟೆ ನಂದು. ನಿನಗ್ಯಾಕೆ ಉರಿ?"

"ಅಲ್ಲಿ ಹೋಗಿ ಕುಯ್ಸ್ಕೊಂಡು ಏನಾದ್ರೂ ಎಡವಟ್ಟಾದ್ರೆ ಯಾರನ್ನ ಕೇಳ್ತೀಯ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಮೈ ಉರಿದುಹೋಯಿತು. ಅಮ್ಮ ಜೀವಮಾನವೆಲ್ಲ ಆ ಕಡೆಯ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದವಳು. ಈ ಊರಿನವರು ಹಲ್ಲು ತೋರಿಸಲು ಹೋಗುವುದು ಅಲ್ಲಿಗೆ, ಭಾನುವಾರ ಚೀನೀ ಊಟಕ್ಕೆ ಹೋಗುವುದೂ ಅಲ್ಲಿಗೇ. ಇವನೊಬ್ಬ ದೊಡ್ಡ ದೊರೆ, ಕಾಲಿಡುವುದಿಲ್ಲ. ಅಕ್ಕನ ಮಗಳ ನಾಮಕರಣಕ್ಕೆ ಕರೆದರೆ ತಲೆನೋವು ಅಂದ. ಅಮ್ಮ ಊಟಕ್ಕೆ ಕರೆದಾಗಲೆಲ್ಲ ಕೆಲಸ ಅಂದ. ಅಮೆರಿಕದ ನೀರು ಕುಡಿದು ಸೊಕ್ಕು ಬಂದಿದೆ ಅಂದುಕೊಂಡೆ.

"ಶುಕ್ರವಾರದೊಳಗೆ ಹೇಳಿ," ಅಂದಳು ಬೆಲ್ತ್ರಾನ್. "ಜಗಳ ಆಚೆ ಆಡ್ಕೊಳ್ಳಿ."

ಮರುದಿನ ಅವನ ಗಾಡಿ ರಿಪೇರಿಗೆ ಹೋಗಿತ್ತು. ಮನೆಗೆ ಬಿಡುತ್ತೇನೆಂದು ಕಾರು ಹತ್ತಿಸಿಕೊಂಡೆ. ಅವನ ಬೀದಿ ಬಂತು, ನಾನು ತಿರುಗಿಸಲಿಲ್ಲ.

"ಎಲ್ಲಿಗೆ?"

"ಅಮ್ಮನ ಮನೆಗೆ. ದಾರೀಲಿ ಆಸ್ಪತ್ರೆ ತೋರಿಸ್ತೀನಿ. ಕಣ್ಣಾರೆ ನೋಡು, ಆಮೇಲೆ ಬೊಗಳು."

"ನಿಲ್ಸು, ಅರಾಸೆಲಿ."

"ನಿಲ್ಸಲ್ಲ."

ಅಮೆರಿಕದೊಳಗೇ ಉಳಿಯುವವರಿಗೆ ಇದೇ ಕೊನೆಯ ತಿರುವು ಅನ್ನುವ ಫಲಕ ಬಂತು. ಬೇಕೆಂದೇ ದಾಟಿಸಿದೆ. ಪಕ್ಕಕ್ಕೆ ನೋಡಿದರೆ ಅವನ ಮುಖದಲ್ಲಿ ರಕ್ತವೇ ಇಲ್ಲ. ಕಾರು ಇನ್ನೂ ಉರುಳುತ್ತಿರುವಾಗಲೇ ಬಾಗಿಲು ತೆರೆದು ಹಾರಿದ. ಬಿದ್ದ, ಎದ್ದ, ಹಾರ್ನ್ ಹೊಡೆಯುತ್ತಿದ್ದ ಕಾರುಗಳ ನಡುವೆ ಹಿಂದಕ್ಕೆ ಓಡಿದ. ನನ್ನ ಹಿಂದೆ ಸಾಲುಗಟ್ಟಿ ವಾಹನಗಳು, ತಿರುಗುವ ಹಾಗಿಲ್ಲ. ಒಬ್ಬಳೇ ಗಡಿ ದಾಟಿದೆ, ದಾರಿಯುದ್ದಕ್ಕೂ ಅವನ ವಂಶವನ್ನೆಲ್ಲ ಬೈಯುತ್ತ.

ಅಮ್ಮನ ಅಡುಗೆಮನೆಯಲ್ಲೂ ಬೈಗುಳ ಮುಂದುವರಿಯಿತು. ಅಮ್ಮ ಒಲೆ ಆರಿಸಿ ಕೇಳಿದಳು, "ಅವನ ಹತ್ರ ಕಾಗದ ಪತ್ರ ಇದ್ಯೇನೇ?"

"ಪರ್ಮಿಟ್ ಇದ್ಯಮ್ಮ. ಇಲ್ದಿದ್ರೆ ಕೆಲಸಕ್ಕೆ ಹೇಗೆ ಬರ್ತಾನೆ?"

"ಕೆಲಸ ಮಾಡೋ ಕಾಗದ ಬೇರೆ, ದಾಟಿ ಹೋಗಿ ವಾಪಸ್ ಬರೋ ಕಾಗದ ಬೇರೆ."

ತಲೆನೋವು, ಕೆಲಸ: ಅವನು ಹೇಳಿದ ನೆಪಗಳೆಲ್ಲ ಒಂದೇ ಸಲ ಅರ್ಥವಾದವು. ನಾನು ಎಂಥ ಕೆಲಸ ಮಾಡಿಬಿಟ್ಟಿದ್ದೆ! ಕಾರನ್ನು ಅಲ್ಲೇ ಬಿಟ್ಟು, ನಡೆದುಹೋಗುವವರ ಸಾಲಿನಲ್ಲಿ ನಿಂತು ವಾಪಸ್ ಬಂದೆ.

ಗಡಿ ಗೇಟಿನ ಈಚೆ ಬೆಂಚಿನ ಮೇಲೆ ಅವನು ಕೂತಿದ್ದ. ಮೊಣಕೈ ತರಚಿತ್ತು.

"ಯಾಕೋ ಹೇಳ್ಲಿಲ್ಲ?"

"ಡಂಗುರ ಹೊಡೀಬೇಕಿತ್ತಾ? ನಡೆಯೋಕೂ ಬರದಾಗ ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ಕರ್ಕೊಂಡ್ ಬಂದ. ದುಡಿಯೋಕೆ ಬಿಟ್ಟಿದಾರೆ. ಆ ಬಾಗಿಲು ದಾಟಿದ್ರೆ ಮತ್ತೆ ಒಳಗೆ ಬಿಡಲ್ಲ."

"ಊರಿಗೆ ಬೇಡ. ನನಗೆ ಹೇಳ್ಬೇಕಿತ್ತು."

"ನೀನು ಹೇಳಿದೀಯಾ, ಏನು ಆಪರೇಷನ್ ಅಂತ?"

ಬೆಂಚಿನ ಮೇಲೆ ಅವನ ಪಕ್ಕ ಕೂತು ಹೇಳಿದೆ. ಗರ್ಭಕೋಶದಲ್ಲಿ ಗಡ್ಡೆಗಳಿವೆ. ಈ ಕಡೆಯ ಡಾಕ್ಟರು ಗರ್ಭಕೋಶವನ್ನೇ ತೆಗೆಯೋಣ ಅಂದರು. ಆ ಕಡೆಯ ಡಾಕ್ಟರು ಗಡ್ಡೆಗಳನ್ನಷ್ಟೇ ತೆಗೆದು ಗರ್ಭಕೋಶ ಉಳಿಸಲು ನೋಡುತ್ತೇನೆ ಅಂದಿದ್ದಾರೆ.

"ಇದನ್ನ ಕೇಳಿದ್ರೆ ನೀನು ಓಡಿಹೋಗ್ತೀಯ ಅಂದ್ಕೊಂಡೆ," ಅಂದೆ.

"ಓಡಿದ್ದು ನೋಡಿದೆಯಲ್ಲ, ಈ ಕಡೆಗೇ ಓಡಿದ್ದು." ನಗಲು ನೋಡಿದ, ಆಗಲಿಲ್ಲ. "ನೀನು ಅಲ್ಲಿ ಮಲಗಿರ್ತೀಯ, ನಾನಿಲ್ಲಿ ಬೇಲಿ ಹಿಡ್ಕೊಂಡು ನಿಂತಿರ್ಬೇಕು. ನನ್ನ ಕೈಲಾಗಲ್ಲ ಕಣೇ. ಅದಕ್ಕೇ ಬೈದೆ."

ಇಷ್ಟು ಚೆಂದದ ಮಾತನ್ನು ಯಾರೂ ನನಗೆ ಆಡಿರಲಿಲ್ಲ. ಹಾಳಾದವನು, ಅದನ್ನೂ ಬೈಗುಳದ ದನಿಯಲ್ಲೇ ಆಡಿದ.

ಶುಕ್ರವಾರ ಎಲ್ಲರಿಗಿಂತ ಮೊದಲು ಬೆಲ್ತ್ರಾನ್ ಮುಂದೆ ಕೂತೆ. ಹುಟ್ಟದ ಮಗುವಿಗಿಂತ ಕಣ್ಣೆದುರಿಗಿರುವ ಇವನೇ ಮೇಲು ಅಂತ ತೀರ್ಮಾನಿಸಿದ್ದೆ.

"ಈ ಕಡೇದು ಬರ್ಕೊಳ್ಳಿ."

"ಬೇಡ, ಮೆಕ್ಸಿಕಾಲಿದು," ಅಂತ ರುತಿಲಿಯೊ ನುಗ್ಗಿ ಬಂದ.

"ನಿನ್ನನ್ನ ಯಾರು ಕೇಳಿದ್ರು?"

"ನನಗೋಸ್ಕರ ತ್ಯಾಗ ಮಾಡೋಕೆ ನಿನಗ್ಯಾರು ಹೇಳಿದ್ರು? ಆಮೇಲೆ ಜೀವನಪೂರ್ತಿ ಎತ್ತಿ ಆಡೋಕಾ?"

ಬೆಲ್ತ್ರಾನ್ ಕನ್ನಡಕ ತೆಗೆದಿಟ್ಟಳು. "ಮೊನ್ನೆ ಇವಳದ್ದು ಆ ಕಡೆ, ಇವನದ್ದು ಈ ಕಡೆ. ಇವತ್ತು ತಿರುಗುಮುರುಗು. ನೀವೇನು ಗಂಡ ಹೆಂಡ್ತೀನಾ?"

"ಅಲ್ಲ," ಅಂದೆವು ಇಬ್ಬರೂ.

"ಮತ್ತೆ ಅವಳ ಹೊಟ್ಟೆ ವಿಷಯ ನಿನಗ್ಯಾಕಪ್ಪ?"

ಅವನು ಬೆಲ್ತ್ರಾನ್ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ, ಪೆಟ್ಟಿಗೆ ತಿರಸ್ಕರಿಸಿದಾಗ ನೋಡುವ ಅದೇ ಉರಿಗಣ್ಣಿನಲ್ಲಿ.

"ನನಗೆ ಮಕ್ಕಳು ಬೇಕು. ಇವಳ ಹತ್ರಾನೇ ಬೇಕು. ಆಗದಿದ್ರೂ ಇವಳೇ ಬೇಕು. ಆದ್ರೆ ಉಳಿಯೋ ದಾರಿ ಇದ್ದಾಗ ನನ್ನಿಂದ ಅದು ತಪ್ಪಬಾರದು."

ನನಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳುವೂ ಬಂತು.

"ನಾನು ಕಣ್ಣು ಬಿಟ್ಟಾಗ ನೀನು ಪಕ್ಕದಲ್ಲಿ ಇರಲ್ಲ," ಅಂದೆ. "ಅದನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ."

"ಕ್ಷಮಿಸ್ಬೇಡ. ಜೊತೇಲೇ ಇದ್ಕೊಂಡು ಕ್ಷಮಿಸ್ದೆ ಇರು."

"ಇರ್ತೀನಿ. ನೋಡ್ತಾ ಇರು." ಬೆಲ್ತ್ರಾನ್ ಕಡೆ ತಿರುಗಿದೆ. "ಮೆಕ್ಸಿಕಾಲಿ."

ಫೆಬ್ರವರಿಯಲ್ಲಿ, ಮಂಪರು ಇಳಿದು ಕಣ್ಣು ಬಿಟ್ಟಾಗ, ಅವನಿರಲಿಲ್ಲ. ಗೊತ್ತಿದ್ದೂ ಕಣ್ಣು ಕೋಣೆಯೆಲ್ಲ ಹುಡುಕಿತು. ಆ ಖಾಲಿ ಕುರ್ಚಿಯನ್ನು ನೋಡಿದಾಗ ಆದ ನೋವಿನ ಮುಂದೆ ಹೊಲಿಗೆಯ ನೋವು ಏನೂ ಅಲ್ಲ. ಅಮ್ಮ ಹಣೆ ಸವರಿ, ಡಾಕ್ಟರು ಹೇಳಿದ್ದನ್ನು ಕಿವಿಯಲ್ಲಿ ಹೇಳಿ, ರುತಿಲಿಯೊಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

"ಉಳೀತು," ಅಂದೆ.

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ಒಡೆದ ಉಸಿರು.

"ಬದುಕಿದೀಯೇನೋ? ಮಾತಾಡೋ ದರಿದ್ರದವನೇ."

"ಮಗುಗೆ ನಿನ್ನ ಬಾಯಿ ಮಾತ್ರ ಬರಬಾರ್ದು," ಅಂದ, ಬಿಕ್ಕುತ್ತ.

ಹೊಲಿಗೆ ಜಗ್ಗಿ ನೋಯುತ್ತಿದ್ದರೂ ಅವನು ಸಾಕು ಅನ್ನುವವರೆಗೆ ಬಿಡಬಾರದೆಂದು ಬೈಯುತ್ತಲೇ ಇದ್ದೆ. ಅವನು ಸಾಕು ಅನ್ನಲೇ ಇಲ್ಲ.