ಮುಂದಿನ ಸಾಲು ಹೇಳಿಕೊಡುವವಳು

"ತಿರುಗಿ ನಿಲ್ಲಿ," ಎಂದ ರಾದೊವಾನ್.

ಬ್ಲಾಂಕಾ ತಿರುಗಿದಳು. ನಾಯಕನ ವೇಷದಲ್ಲಿದ್ದ ಅವನು 'ಥೂ ಥೂ ಥೂ' ಎಂದು, ಮೊಣಕಾಲಿನಿಂದ ಅವಳ ಹಿಂಬದಿಗೆ ಮೆಲ್ಲಗೆ ಒದ್ದು, "ಕತ್ತು ಮುರ್ಕೊಳ್ಳಿ!" ಎಂದು ಹರಸಿದ. ಮೊದಲ ಪ್ರದರ್ಶನದ ದಿನ ಒಪೆರಾದ ಹಾಡುಗಾರರೆಲ್ಲ, ಶುಭವಾಗಲೆಂದೇ, ಹೀಗೆ ಒಬ್ಬರನ್ನೊಬ್ಬರು ಶಪಿಸಿ ಒದೆಯುತ್ತಾರೆ. ಆದರೆ ರಂಗದ ಅಂಚಿನ ಪೆಟ್ಟಿಗೆಯಲ್ಲಿ ಕೂತು ಹಾಡಿನ ಸಾಲುಗಳನ್ನು ಪಿಸುಗುಟ್ಟುವವಳನ್ನು ಯಾರು ನೆನೆಯುತ್ತಾರೆ? ಇವನು ನೆನೆದಿದ್ದ. ಆ ಖುಷಿಯಲ್ಲಿ ಅವಳಿಗೆ ತಲೆ ಓಡಲಿಲ್ಲ.

"ಥ್ಯಾಂಕ್ಸ್," ಎಂದುಬಿಟ್ಟಳು.

ಉಡುಪು ಹೊಲಿಯುವ ಹೆರ್ಮಿನಾ ಅಜ್ಜಿಯ ಕೈಯಿಂದ ಸೂಜಿ ಬಿತ್ತು. "ಅಯ್ಯೋ ಹುಡುಗೀ, ಥ್ಯಾಂಕ್ಸ್ ಹೇಳ್ತಾರೇನೇ? 'ದೆವ್ವ ಹೊತ್ಕೊಂಡು ಹೋಗ್ಲಿ' ಅನ್ಬೇಕು! ಇವತ್ತು ಇವನ ಹಾಡು ಕೆಟ್ಟ ಹಾಗೇ!"

"ಕೆಟ್ರೆ ಇವರೇ ಸಾಲು ಎತ್ತಿ ಕೊಡ್ತಾರೆ ಬಿಡಿ ಅಜ್ಜಿ," ಎಂದು ರಾದೊವಾನ್ ಬ್ಲಾಂಕಾಳತ್ತ ಹುಬ್ಬು ಕುಣಿಸಿ ಹೋದ.

ಬ್ಲಾಂಕಾ ಪುಸ್ತಕ ಎತ್ತಿಕೊಂಡು ಪೆಟ್ಟಿಗೆಯತ್ತ ನಡೆದಳು. ಆರು ವಾರದ ತಾಲೀಮಿನಲ್ಲಿ ಅವನ ಒಂದೊಂದು ಪ್ರೇಮದ ಮಾತನ್ನೂ ಮೊದಲು ಆಡಿದವಳು ಅವಳೇ, ಪುಸ್ತಕ ನೋಡಿಕೊಂಡು. ಸ್ವಂತದ ಮಾತು ಒಂದನ್ನೂ ಆಡಿರಲಿಲ್ಲ. ಕೋಟೆಯ ಈ ಉತ್ಸವದಲ್ಲಿ ಮೊದಲ ಆಟವೇ ಕೊನೆಯದೂ. ನಾಳೆ ಬೆಳಗ್ಗೆ ಅವನು ಪ್ರಾಗ್ ರೈಲು ಹತ್ತುತ್ತಾನೆ.

ಕೋಟೆಯ ಅಂಗಳ ಕಿಕ್ಕಿರಿದಿತ್ತು. ಒಪೆರಾ, ಗಿರಣಿಯವನ ಹೆಂಡತಿಯನ್ನು ಪ್ರೀತಿಸಿದ ತೆಪ್ಪದವನ ಕಥೆ; ರಾದೊವಾನನೇ ಆ ತೆಪ್ಪದವನು. ಮೂರನೆಯ ಅಂಕದಲ್ಲಿ ಅವಳು ಮನೆ ಬಿಟ್ಟು ನದಿಗೆ ಓಡಿಬರುತ್ತಾಳೆ. ಅವನು ಅವಳನ್ನು ಹಿಂದಕ್ಕೆ ಕಳಿಸಬೇಕು. ವಾದ್ಯಗಳು ತಗ್ಗಿದವು. ರಾದೊವಾನ್ ಬಾಯಿ ತೆರೆದ, ಸ್ವರ ಹೊರಡಲಿಲ್ಲ.

"ನನ್ನನ್ನು ಮರೆತುಬಿಡು," ಬ್ಲಾಂಕಾ ಪಿಸುಗುಟ್ಟಿದಳು.

ಅವನು ಪೆಟ್ಟಿಗೆಯತ್ತಲೇ ನೋಡುತ್ತಾ ನಿಂತ. ಮತ್ತೊಮ್ಮೆ ಹೇಳಿದಳು. ಊಹೂಂ. ಎಲ್ಲ ಥ್ಯಾಂಕ್ಸ್ ಅಂದ ತನ್ನ ಹಾಳು ಬಾಯಿಂದಲೇ ಆದದ್ದು ಎಂದು ಗಾಬರಿಬಿದ್ದು, "ನನ್ನನ್ನು ಮರೆತುಬಿಡು!" ಎಂದು ಕೂಗಿಯೇ ಬಿಟ್ಟಳು. ಮುಂದಿನ ಸಾಲಿನ ಪ್ರೇಕ್ಷಕರು ಕತ್ತು ಚಾಚಿ ನೋಡಿದರು. ಆಗ ಅವನು ಹಾಡಿದ. ಎಂಥ ಹಾಡು! ಅಂಗಳಕ್ಕೆ ಅಂಗಳವೇ ಕಣ್ಣೊರೆಸಿಕೊಂಡಿತು.

ಆಟ ಮುಗಿದು ಚಪ್ಪಾಳೆ ಬೀಳುತ್ತಿದ್ದಂತೆ ಅವಳು ಪುಸ್ತಕ ಅವುಚಿಕೊಂಡು ಹಿಂಬಾಗಿಲಿಗೆ ಓಡಿದಳು. ಅಂಟಿಸಿದ ಮೀಸೆಯ ಸಮೇತ ಅವನು ಅಡ್ಡ ಬಂದು ನಿಂತ.

"ಕ್ಷಮಿಸಿ, ನನ್ನಿಂದ ನೀವು ಸಾಲು ಮರೆತು..."

"ಮರೆತಿರ್ಲಿಲ್ಲ ಬ್ಲಾಂಕಾ. ನಿಮ್ಮ ಮುಖ ನೋಡ್ಕೊಂಡು ಆ ಮಾತು ಹಾಡೋಕಾಗ್ಲಿಲ್ಲ. ನೀವು ನೋಡಿದ್ರೆ ಊರಿಗೆಲ್ಲ ಕೇಳೋ ಹಾಗೆ ಮರೆತುಬಿಡು ಅಂದ್ರಿ!"

"ಅದು ಪುಸ್ತಕದ್ದು!"

"ಸರಿ, ನಿಮ್ಮದು ಹೇಳಿ."

ಬ್ಲಾಂಕಾ ಬಾಯಿ ತೆರೆದಳು. ಅವಳಿಗೆ ಸಾಲು ಹೇಳಿಕೊಡುವವರು ಯಾರೂ ಇರಲಿಲ್ಲ. ಪುಸ್ತಕ ಕೈಜಾರಿ ಕಲ್ಲುಹಾಸಿನ ಮೇಲೆ ಬಿತ್ತು.

"ನಾಳೆ ಹೋಗ್ಬೇಡ," ಎಂದಳು. "ನಂಗೆ ನೀನಂದ್ರೆ ಪ್ರಾಣ ಕಣೋ."

"ಕೇಳಿಸ್ಲಿಲ್ಲ. ಆಗ ಕೂಗಿದ್ಯಲ್ಲ, ಹಾಗೆ ಹೇಳು."

ಅವಳು ನಗುತ್ತಾ, ಅಳುತ್ತಾ, ಹಾಗೆಯೇ ಕೂಗಿ ಹೇಳಿದಳು. ಗೋಡೆಯಾಚೆ ಜನ ರಾದೊವಾನನ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ಅವನು ಹೋಗಲಿಲ್ಲ.