ಅಂಚೆಗೆ ಹಾಕದ ಕಾಗದ

ದೆವ್ವಗಿವ್ವ ನಂಬುವವನಲ್ಲ ನಾನು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೆನೆಟರ್ ಎಲ್ನೇಥನ್ ಮರ್ವಿನ್ ಅವರಲ್ಲಿ ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಅವರು ಬರೆದ ಪ್ರತಿ ಕಾಗದವನ್ನೂ ನಕಲು ಪುಸ್ತಕಕ್ಕೆ ಇಳಿಸಿ, ಅರಗಿನ ಮುದ್ರೆ ಒತ್ತಿ, ಅಂಚೆಗೆ ಹಾಕುವುದು ನನ್ನ ಕೆಲಸ.

ಅವರು ತೀರಿಕೊಂಡ ಮೇಲೆ ಕಾಗದಗಳನ್ನು ಬೇರ್ಪಡಿಸಲು ಅವರ ಹೆಂಡತಿ ನನ್ನನ್ನು ಕರೆದರು. ಸರಕಾರದ್ದು ರಾಜಧಾನಿಯ ದಫ್ತರಕ್ಕೆ, ಮನೆಯದು ಒಲೆಗೆ. ಸುಂಕದ ಮಸೂದೆಯ ಸರಕಾರಿ ಕಟ್ಟು ಬಿಚ್ಚಿದಾಗ, ಜಗಳವಾಡಿ ಮನೆ ಬಿಟ್ಟಿದ್ದ ತಮ್ಮನಿಗೆ ಸೆನೆಟರು ಐದು ವರ್ಷದ ಹಿಂದೆ ಬರೆದ ಕಾಗದ ಸಿಕ್ಕಿತು. 'ತಪ್ಪು ನನ್ನದೇ. ಮನೆಗೆ ಬಾ.' ಅಂದು ನಕಲು ಮಾಡಿಕೊಂಡವನು ಅವಸರದಲ್ಲಿ ಅದನ್ನು ಸರಕಾರದ ಕಟ್ಟಿಗೆ ಸೇರಿಸಿಬಿಟ್ಟಿದ್ದೆ. ಪುಸ್ತಕದಲ್ಲಿ ನಕಲಿದ್ದ ಕಾರಣ, ಕಾಗದ ಹೋಗಿದೆ ಎಂದೇ ಎಲ್ಲರೂ ನಂಬಿದ್ದೆವು.

ಮುಟ್ಟಿದ ಹೆಬ್ಬೆರಳು ಕಪ್ಪಾಯಿತು. ಶಾಯಿ ಇನ್ನೂ ಹಸಿಯಾಗಿತ್ತು. ಒಣಗಲೆಂದು ಮರಳು ಉದುರಿಸಿದೆ, ಮರಳೂ ಒದ್ದೆಯಾಯಿತು. ಒಲೆಯ ಪಕ್ಕದಲ್ಲೇ ಹಿಡಿದರೂ ಹಾಳೆ ತಣ್ಣಗೇ ಇತ್ತು.

"ಏನಪ್ಪಾ ಆಸಾ, ಹಾಗೇ ನಿಂತ್ಬಿಟ್ಟೆ?" ಎಂದರು ಅಮ್ಮಾವ್ರು.

"ಏನಿಲ್ಲಮ್ಮ, ಸುಂಕದ ಕಾಗದ."

"ಆ ಸುಂಕದ ಗೋಳು ಸಾಯೋ ತನಕ ಬಿಡ್ಲಿಲ್ಲ ಅವರನ್ನ. ತಮ್ಮ ಅನ್ನಿಸ್ಕೊಂಡೋನು ಒಂದು ಸಾಲು ಉತ್ತರ ಬರೀಲಿಲ್ಲ ನೋಡು, ಕಲ್ಲು ಮನಸ್ಸಿನೋನು! ಕೊನೇ ದಿನಾನೂ ಇವರು 'ಟಪಾಲು ಬಂತಾ' ಅಂತ ಕೇಳಿದ್ರು."

ಆ ತಮ್ಮ ಆಗಿನ್ನೂ ಬದುಕಿದ್ದ. ಆದರೂ ನಾನು ಬಾಯಿ ಬಿಡಲಿಲ್ಲ. ಕಾಗದವನ್ನು ಅದೇ ಕಟ್ಟಿನಲ್ಲಿಟ್ಟು ದಫ್ತರಕ್ಕೆ ಸಾಗಿಸಿದೆ.

ಈಗ ಆ ತಮ್ಮನೂ ಇಲ್ಲ. ಮೊನ್ನೆ ದಫ್ತರದಿಂದ ಪತ್ರ ಬಂತು: 'ನೀವು ಕಳಿಸಿದ ಕಟ್ಟಿನಲ್ಲಿ ಒಂದು ಕಾಗದ ಒಣಗುತ್ತಲೇ ಇಲ್ಲ. ಇದು ಯಾವಾಗ ಬರೆದದ್ದು?'

ನಡೆದದ್ದನ್ನೆಲ್ಲ ಒಪ್ಪಿಕೊಂಡು ಉತ್ತರ ಬರೆದು ಎಂಟು ದಿನವಾಯಿತು. ಮಡಿಸಿ ಮುದ್ರೆ ಒತ್ತಲು ಆಗಿಲ್ಲ. ಅದೂ ಒಣಗುತ್ತಿಲ್ಲ.