ಅಂಟುವ ವೋಲ್ಟು, ಬಿಡುವ ವೋಲ್ಟು

"ಐದು ವೋಲ್ಟ್ ಅಂತ ಬರೆದ ಮಹಾನುಭಾವರು ಯಾರು?"

ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದಳು. ಕೈಯಲ್ಲಿ ಮುದುಡಿದ ವರದಿ, ಮೂಗಿನ ತುದಿಯಲ್ಲಿ ಸಿಟ್ಟು!

ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದವನು ತಲೆಯೆತ್ತಲಿಲ್ಲ.

"ನಾನೇ. ಸ್ವಲ್ಪ ಮೆಲ್ಲಗೆ ಬೈತೀರಾ? ನಿಮ್ಮ ಉಸಿರಿಗೆ ಚಿಪ್ ಹಾರಿಹೋಗುತ್ತೆ."

ಅಬ್ಬಾ, ಏನು ಕೊಬ್ಬು! ಆದರೆ ದನಿ ಯಾಕಿಷ್ಟು ಮೆತ್ತಗೆ...

ಅವಳು ಗಣಿತದವಳು. ಆ ಚಿಪ್ಪಿನ ಮೇಲೆ ಕೂದಲೆಳೆಗಿಂತ ತೆಳ್ಳಗಿನ ತಗಡೊಂದು ತೂಗುತ್ತಿರುತ್ತದೆ. ವಿದ್ಯುತ್ ಕೊಟ್ಟರೆ ಕೆಳಗಿನ ತಗಡಿನತ್ತ ಬಾಗುತ್ತದೆ. ಒಂದು ಮಿತಿ ದಾಟಿದರೆ ಪಟ್ಟನೆ ಹೋಗಿ ಅಂಟಿಕೊಳ್ಳುತ್ತದೆ. ಆ ಮಿತಿ ಹನ್ನೆರಡು ವೋಲ್ಟ್ ಎಂದಿತ್ತು ಅವಳ ಸಮೀಕರಣ. ಐದು ಎಂದಿತ್ತು ಇವನ ಅಳತೆ. ಸಂಜೆಯೊಳಗೆ ಎರಡೂ ಹೊಂದದಿದ್ದರೆ ಅವಳ ಮೂರು ವರ್ಷದ ಕೆಲಸ ಇಲ್ಲಿಗೆ ಮುಗಿಯಿತು.

"ನನ್ನ ಮೇಲೆ ಏನು ಹಗೆ ನಿಮಗೆ?"

ಈಗ ತಲೆಯೆತ್ತಿದ. ಮುಖ ಪೆಚ್ಚಾಗಿತ್ತು.

"ಹಗೆನಾ? ನಿಮ್ಮ ವರದಿಗಳನ್ನ ಎರಡೆರಡು ಸಲ ಓದಿದೀನಿ. ಅರ್ಥ ಆಗದೇ ಇದ್ರೂನೂ!"

ಬಂದ ನಗುವನ್ನು ನುಂಗಿಕೊಂಡಳು. "ಹೇಗೆ ಅಳೆದ್ರಿ, ತೋರ್ಸಿ."

ಅವನು ಗುಂಡಿಯನ್ನು ಸರ್ರನೆ ಮೇಲಕ್ಕೆ ತಿರುಗಿಸಿದ. ತಗಡು ಅಂಟಿತು. ಆಮೇಲೆ ಮೆಲ್ಲಮೆಲ್ಲಗೆ ಇಳಿಸಿದ. ಒಂಬತ್ತು... ಏಳು... ಐದಕ್ಕೆ ತಗಡು ಬಿಟ್ಟುಕೊಂಡಿತು.

"ಅಯ್ಯೋ ಪುಣ್ಯಾತ್ಮ! ಇದು ಬಿಡೋ ವೋಲ್ಟು. ನಾನು ಲೆಕ್ಕ ಹಾಕಿದ್ದು ಅಂಟೋದು!"

"ಎರಡೂ ಒಂದೇ ಅಲ್ವಾ? ಸರ್ರನೆ ಏರಿಸಿದ್ರೆ ಅಂಟೋದು ಕಣ್ಣಿಗೆ ಸಿಗಲ್ಲ, ಬಿಡೋದು ಸಿಗುತ್ತೆ ಅಂತ..."

"ಹತ್ತಿರ ಹೋದಷ್ಟೂ ಸೆಳೆತ ಏರ್ತಾನೇ ಹೋಗುತ್ತೆ ರೀ. ಒಂದ್ಸಲ ಅಂಟಿದ್ರೆ ಎಂಟಕ್ಕೆ ಇಳಿಸಿದ್ರೂ ಬಿಡಲ್ಲ."

ಹೇಳಿದವಳ ಕಿವಿ ಬಿಸಿಯಾಯಿತು. ನಾನು ಹೇಳ್ತಿರೋದು ತಗಡಿನ ವಿಷಯ ತಾನೇ?

ಈ ಸಲ ಸೊನ್ನೆಯಿಂದ ಮೆಲ್ಲಮೆಲ್ಲಗೆ ಏರಿಸಿದರು. ಅವನ ಕೈ ಗುಂಡಿಯ ಮೇಲೆ, ಅವಳ ಕಣ್ಣು ಮೈಕ್ರೋಸ್ಕೋಪಿನಲ್ಲಿ. ಹತ್ತು... ಹನ್ನೊಂದು... ಹನ್ನೆರಡು.

"ಅಂಟ್ತು!"

ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೇನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಅವನಿಗೆ ಆಗಲೇ ಗೊತ್ತಾಗಿತ್ತು.

ಬಿಳಿ ಕೋಟನ್ನೂ ಬಿಚ್ಚದೆ ಅವನು ನೇರ ಮುಖ್ಯಸ್ಥರ ಕೋಣೆಗೆ ಹೋದ. ಮುಚ್ಚಿದ ಬಾಗಿಲಾಚೆ ಗದರುವ ದನಿ. ನಡುವೆ ಇವನದು, ಅದೇ ಮೆತ್ತಗಿನ ದನಿ: "ತಪ್ಪು ನಂದೇ ಸರ್, ಅವರ ಲೆಕ್ಕ ಸರಿ."

ಇಂಥವರ ಮೇಲಾ ನಾನು ಹಾರಾಡಿದ್ದು!

ಅವನು ಹೊರಗೆ ಬಂದ. ಕಿವಿಯವರೆಗೂ ನಗು.

"ನಿಮ್ಮ ಕೆಲಸ ಉಳೀತು. ನಂಗೆ ಚೆನ್ನಾಗಿ ಮಂಗಳಾರತಿ ಆಯ್ತು. ನೂರಾ ನಲವತ್ತು ಚಿಪ್ಪನ್ನೂ ಮತ್ತೆ ಅಳೀಬೇಕಂತೆ."

"ಎಷ್ಟು ದಿನ ಬೇಕು?"

"ಒಬ್ಬನೇ ಕೂತ್ರೆ ಒಂದು ತಿಂಗಳು."

"ನಾನೂ ಬಂದ್ರೆ?"

ಅವನು ಬೆರಳೆಣಿಸಿದ. "ಎರಡು ತಿಂಗಳು."

"ಅದ್ಯಾವ ಗಣಿತ ರೀ!"

"ನೀವು ಪಕ್ಕದಲ್ಲಿದ್ರೆ ನಂಗೆ ಚಿಪ್ ಕಾಣಿಸಲ್ಲ... ನೀವಷ್ಟೇ ಕಾಣಿಸ್ತೀರಿ."

ಅವಳು ತುಟಿ ಕಚ್ಚಿಕೊಂಡು ನೆಲ ನೋಡಿದಳು. ಆಮೇಲೆ ಅವನ ಜೇಬಿನ ಪೆನ್ನು ಎಳೆದು ಅವನ ಕೈಗೇ ಕೊಟ್ಟಳು.

"ಮೂರು ತಿಂಗಳು ಅಂತ ಬರ್ಕೊಡಿ."